ಹಿಮ್ಮಡಕ್ಕೆ ಬಿದ್ದ ಒದೆ

ಬಿಳಿ ಪುಡಿ ಉದುರುತ್ತಿದೆ, ಕತ್ತರಿ ಕಚ್ಚಿದಲ್ಲೆಲ್ಲ ಉದುರುತ್ತಿದೆ, ಮಂಚದ ಮೇಲೆ, ಲುಂಗಿಯ ಮೇಲೆ, ಕುಬ್ರಾ ಬೇಗಂ ಸಿಸ್ಟರಿನ ಕರಿ ಚಪ್ಪಲಿಯ ಮೇಲೆ, ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ತೌಡು ಹೀಗೇ ಹಾರುತ್ತದೆ, ಹುಬ್ಬು ಮೀಸೆ ಎಲ್ಲ ಬೆಳ್ಳಗಾಗಿ ಇಪ್ಪತ್ತರ ಹುಡುಗನೂ ಮುದುಕನಾಗಿ ಮನೆಗೆ ಹೋಗುತ್ತಾನೆ — ಅಲುಗಬ್ಯಾಡ್ರಿ, ಅಂದಳು ಸಿಸ್ಟರು, ಕತ್ತರಿ ತೊಗಲಿಗೆ ತಾಗಿದ್ರ ನನ್ನ ಬೈಬ್ಯಾಡ್ರಿ ಮತ್ತ — ಸುಂಕಪ್ಪ ಅಲುಗಲಿಲ್ಲ, ಹತ್ತು ವಾರ ಈ ಸಿಮೆಂಟ್ ಪಟ್ಟಿಯೊಳಗೆ ಕಾಲು ಹೂತುಕೊಂಡು ಕೂತವನಿಗೆ ಇನ್ನೊಂದು ಗಳಿಗೆ ಏನು ಮಹಾ, ದಸರೆಗೆ ಮುಂಚೆ ಬಿದ್ದದ್ದು, ಈಗ ಎಳ್ಳಮಾಸಿ ಹಬ್ಬ ಹತ್ತಿರ ಬಂತು, ನಡುವಿನ ದಿನಗಳನ್ನೆಲ್ಲ ಗೋಡೆ ನೋಡುತ್ತ, ಸೂರು ನೋಡುತ್ತ, ಜಂಬಣ್ಣನನ್ನು ಬೈಯುತ್ತ ಕಳೆದಿದ್ದಾನೆ, ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಸಲ, ಹೆಂಡತಿ ಮೂಕಮ್ಮ ಕಾಲಿನ ಕೆಳಗೆ ದಿಂಬು ಸರಿಮಾಡುವಾಗ ಒಂದು ಸಲ, ಪಟ್ಟಿಯೊಳಗೆ ಕಡಿತ ಎದ್ದು ಕೊಡೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುವಾಗಲಂತೂ ಅವನ ಏಳು ತಲೆಮಾರಿಗೂ ಸೇರಿಸಿ, ಬೈದರೆ ಕಡಿತ ಇಳಿಯುತ್ತಿತ್ತು, ಖರೇನೇ ಇಳಿಯುತ್ತಿತ್ತು, ಮೈಯಲ್ಲಿ ಬೇರೇನೂ ಗಟ್ಟಿಯಾಗಿ ಉಳಿದಿರದಿದ್ದಾಗ ಆ ಸಿಟ್ಟೊಂದು ಗಟ್ಟಿಯಾಗಿತ್ತು — ಪಟ್ಟಿ ಎರಡು ಹೋಳಾಯಿತು, ಒಳಗಿನಿಂದ ಬಂದ ಕಾಲು ಇವನದಲ್ಲ, ಯಾರೋ ಎಳೆ ಹುಡುಗನದು, ಮೀನಖಂಡ ಕರಗಿ ಹೋಗಿ, ತೊಗಲು ಹೊಪ್ಪಳೆ ಎದ್ದು, ಪಾದ ಇನ್ನೂ ತುದಿಬೆರಳ ಮೇಲೆ ನಿಂತವರ ಹಾಗೆ ಕೆಳಗೆ ಬಾಗಿಯೇ ಇದೆ, ಕ್ವಿಂಟಲ್ ಚೀಲ ಹೊತ್ತು ದಿನಕ್ಕೆ ನೂರು ಸಲ ಹಲಗೆ ಹತ್ತಿದ ಕಾಲು ಇದೇ ಏನು, ಇದನ್ನು ಹೀಗೆ ಮಾಡಿದ್ದು ಅವನು, ಜೋಡಿಯವನು, ಜಂಬಣ್ಣ.

ಜೋಡಿ ಅಂದರೆ ಮಿಲ್ಲಿನ ಹಮಾಲರಿಗೆ ಹೆಂಡತಿಗಿಂತ ಒಂದು ಕೂದಲು ಹೆಚ್ಚೇ, ಬೆನ್ನ ಮೇಲೆ ಚೀಲ ಎತ್ತಿಡುವವನು ಅವನು, ಕಣ್ಣಿಗೆ ಕಾಣದ ಹಿಂಬದಿಯನ್ನೆಲ್ಲ ಅವನ ವಶಕ್ಕೆ ಬಿಟ್ಟು ನಡೆಯಬೇಕು, ಹನ್ನೆರಡು ವರ್ಷ ಬಿಟ್ಟು ನಡೆದಿದ್ದ ಸುಂಕಪ್ಪ, ಇಬ್ಬರೂ ಬಾಗಲವಾಡದಿಂದ ಒಂದೇ ದಿನ ಮಾನ್ವಿಗೆ ಬಂದು ಗಡಿಗೆಪ್ಪ ಸಾಹುಕಾರರ ಮಿಲ್ಲಿಗೆ ಸೇರಿದವರು, ಒಂದೇ ಗಂಟಿನ ರೊಟ್ಟಿ, ಒಂದೇ ಬೀಡಿ ಅರ್ಧರ್ಧ, ಜಂಬಣ್ಣನ ತಂಗಿ ಗೋಪಮ್ಮನನ್ನು ದೇವದುರ್ಗದ ಕಡೆ ಅರಕೇರಾಕ್ಕೆ ಕೊಟ್ಟಾಗ ಮದುವೆಯ ಸುರಗಿ ಸುತ್ತಿದ್ದು ಇದೇ ಮೂಕಮ್ಮ — ಲಾರಿಗೆ ಮಾಲು ತುಂಬುವಾಗ ಹಲಗೆಗೆ ಒಂದು ರೀತಿ ಇತ್ತು, ನೆಲದಿಂದ ಲಾರಿಗೆ ಹಾಕಿದ ಹಲಗೆ ಒಬ್ಬನನ್ನು ಮಾತ್ರ ತಾಳುತ್ತದೆ, ಮುಂದಿನವ ಮೇಲೆ ಮುಟ್ಟುವವರೆಗೆ ಹಿಂದಿನವ ಹತ್ತಬಾರದು, ತನ್ನ ಚೀಲ ಬೆನ್ನ ಮೇಲೆ ಇಟ್ಟುಕೊಂಡೇ ಕೆಳಗಿನ ತುದಿಯನ್ನು ಒಂದು ಕಾಲಿಂದ ತುಳಿದು ನಿಲ್ಲಬೇಕು, ಇಲ್ಲವೆಂದರೆ ತುದಿ ಎದ್ದು ಹಲಗೆ ಮಗುಚುತ್ತದೆ, ಮನುಷ್ಯ ಕೆಳಗೆ, ಚೀಲ ಮೇಲೆ — ಹಿಡದೀನಿ, ಹತ್ತು, ಅನ್ನುತ್ತಿದ್ದ ಜಂಬಣ್ಣ, ಪ್ರತಿ ಸಲ ಅದೇ ಎರಡು ಮಾತು, ಹಿಡದೀನಿ, ಹತ್ತು, ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಸಲವೋ — ಆ ದಿನವೂ ಅಂದಿದ್ದ, ಸರಕಾರಕ್ಕೆ ಕೊಡುವ ಲೆವಿ ಅಕ್ಕಿಯ ಲಾರಿ, ಸೂರ್ಯ ನೆತ್ತಿಯ ಮೇಲೆ, ಸುಂಕಪ್ಪ ಹಲಗೆಯ ನಡು ದಾಟಿ ಕಾಲಿಗೆ ಜೋರು ಕೊಟ್ಟ, ಫಟ್ ಅಂತು, ಬಾವಿ ಸೇದುವ ಹಗ್ಗ ಹರಿದ ಹಾಗೆ, ಬಲಗಾಲಿನ ಹಿಮ್ಮಡದ ಮೇಲೆ ಯಾರೋ ಬೂಟಿನಿಂದ ಒದ್ದರು, ಒದ್ದೇ ಒದ್ದರು, ಸುಳ್ಳಲ್ಲ, ಏಟು ಎಲ್ಲಿ ಬಿತ್ತು ಅಂತ ಇವತ್ತಿಗೂ ಬೆರಳಿಟ್ಟು ತೋರಿಸುತ್ತಾನೆ, ಮೋರೆ ಅಡಿಯಾಗಿ ಹಲಗೆಯ ಮೇಲೆ ಬಿದ್ದ, ಚೀಲ ಹೆಗಲ ಮೇಲಿಂದ ಉರುಳಿ ಹೋಯಿತು, ಕತ್ತು ಹೊರಳಿಸಿ ನೋಡಿದರೆ ಹಿಂದೆ ಜಂಬಣ್ಣ, ಚೀಲದ ಕೆಳಗಿನಿಂದ ಅವನ ಮೋರೆ, ಕಣ್ಣು ಇಷ್ಟಗಲ, ಯಾಕ ಒದ್ದಿಲೇ, ಅಂತ ಕೂಗಿದ್ದ ಸುಂಕಪ್ಪ, ಹಲಗೆಯ ಮೇಲಿಂದಲೇ, ಇಡೀ ಮಿಲ್ಲಿಗೆ ಕೇಳುವ ಹಾಗೆ.

ಒದೆಯಲಿಕ್ಕೆ ಕಾರಣವೂ ಇತ್ತಲ್ಲ, ಕಾರಣ ಹಿಂದಿನ ದಿನವೇ ಹುಟ್ಟಿತ್ತು, ಗಡಿಗೆಪ್ಪ ಸಾಹುಕಾರರು ಇಬ್ಬರನ್ನೂ ಕರೆದು, ದಸರಾ ಆದಮ್ಯಾಲ ನಿಮ್ಮಿಬ್ಬರಾಗ ಒಬ್ಬಾಂವ ಹಮಾಲರ ಟೋಳಿಗೆ ಮೇಸ್ತ್ರಿ ಆಗ್ರಿ, ಯಾರಂತ ನೀವ ಮಾತಾಡ್ಕೊಂಡು ಹೇಳ್ರಿ, ಅಂದಿದ್ದರು, ಮೇಸ್ತ್ರಿ ಅಂದರೆ ಚೀಲ ಹೊರುವುದು ಮುಗಿಯಿತು, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ನಿಲ್ಲುವುದು, ಬೆನ್ನು ಬಾಗದೆ ಮುದುಕನಾಗುವುದು, ಇಬ್ಬರೂ ನಕ್ಕರು, ನೀನ ಆಗೋ, ನೀನ ಆಗೋ, ಅಂದರು, ಮರುದಿನವೇ ಈ ಒದೆ, ಇನ್ನೇನು ಬೇಕು — ಟೋಳಿ ಬೇವಿನ ಕಟ್ಟೆಯ ಮೇಲೆ ಸೇರಿತು, ಅಲ್ಲಿ ಮಾತಾಡುವವನು ಚೀಲ ಎಳೆಯುವ ಕೊಕ್ಕೆಯ ಮೇಲೆ ಕೈಯಿಟ್ಟು ಮಾತಾಡಬೇಕು, ಹೊಟ್ಟೆಗೆ ಅನ್ನ ಹಾಕುವ ಕೊಕ್ಕೆ, ಅದನ್ನು ಮುಟ್ಟಿ ಯಾರೂ ಸುಳ್ಳಾಡುವುದಿಲ್ಲ ಅಂತ ನಂಬಿಕೆ, ಸುಂಕಪ್ಪ ಇಬ್ಬರ ಹೆಗಲಿಗೆ ಆತುಕೊಂಡು ಒಂಟಿಗಾಲಲ್ಲಿ ನಿಂತು ಕೊಕ್ಕೆ ಹಿಡಿದು ಹೇಳಿದ, ಹಲಗೆ ಹತ್ತಿ ಬಂದು ಒದ್ದು ಹಿಂದೆ ಸರಿದು ಏನೂ ಗೊತ್ತಿಲ್ಲದವನಂತೆ ನಿಂತುಕೊಂಡ, ನಾನು ಬಿದ್ದರೆ ಎತ್ತಲಿಕ್ಕೂ ಬರಲಿಲ್ಲ, ಲಾರಿಯ ಮೇಲಿನವರು ಕೈ ಚಾಚಿ ನನ್ನನ್ನು ಎಳೆದುಕೊಳ್ಳುವವರೆಗೂ ಇವನು ನಿಂತಲ್ಲಿಂದ ಒಂದು ಹೆಜ್ಜೆ ಕದಲಲಿಲ್ಲ, ಕೇಳ್ರಿ ಬೇಕಾದ್ರ, ಅಂದ, ಕೂಗಿದ ಮೇಲಷ್ಟೇ ಎಲ್ಲರೂ ಹೊರಳಿ ನೋಡಿದ್ದು, ಅಲ್ಲಿಂದಾಚೆಗಿನದು ಎಲ್ಲರಿಗೂ ಗೊತ್ತಿತ್ತು, ಹೌದು, ಕದಲಿರಲಿಲ್ಲ, ಕಂಬದ ಹಾಗೆ ನಿಂತಿದ್ದ, ಹಿರಿಯ ಹಮಾಲ ಪಕೀರಪ್ಪ ಕೇಳಿದ, ಕಣ್ಣಾರೆ ನೋಡಿದ್ಯಾ, ನೋಡೀನಿ, ಅಂದ ಸುಂಕಪ್ಪ. ಜಂಬಣ್ಣ ಕೊಕ್ಕೆ ಮುಟ್ಟಿ ಹೇಳಿದ್ದು ಒಂದೇ ಮಾತು, ನಾ ಹಲಿಗಿ ಬಿಟ್ಟಿಲ್ಲ. ಅಷ್ಟೇ. ಮುಂದೆ ಏನು ಕೇಳಿದರೂ ಸುಮ್ಮನೆ, ಸುಂಕಪ್ಪನ ಮೋರೆಯನ್ನೇ ನೋಡುತ್ತ, ತಪ್ಪು ಮಾಡಿದವನಿಗೆ ಬಾಯಿ ಎಲ್ಲಿರುತ್ತದೆ ಅಂದುಕೊಂಡಿತು ಟೋಳಿ, ಕಾಲು ಕಳಕೊಂಡವನು ಯಾಕೆ ಸುಳ್ಳಾಡುತ್ತಾನೆ, ಜೋಡಿಯನ್ನು ಒದ್ದವನಿಗೆ ಇನ್ನು ಯಾರೂ ಜೋಡಿಯಾಗುವುದಿಲ್ಲ ಅಂದಿತು, ಮೂರನೆಯ ದಿನ ಜಂಬಣ್ಣ ಹೆಂಡತಿ ಮಕ್ಕಳನ್ನು ಕರಕೊಂಡು ಅರಕೇರಾಕ್ಕೆ ತಂಗಿಯ ಮನೆಗೆ ಹೋದ — ಅವ ಅಂಥಾ ಮನಷ್ಯಾ ಅಲ್ಲ ನೋಡು, ಅಂದಿದ್ದಳು ಮೂಕಮ್ಮ ಕಾಲಿಗೆ ಶಾಖ ಕೊಡುತ್ತ, ಬಿಸಿನೀರಿನ ಬೋಗುಣಿಯನ್ನೇ ಒದ್ದಿದ್ದ ಸುಂಕಪ್ಪ, ಎಡಗಾಲಿಂದ, ಅದೊಂದು ಒದೆಯನ್ನು ಮಾತ್ರ ಕಣ್ಣಾರೆ ಕಂಡವರಿದ್ದರು.

ಆಮೇಲೆ ಮಸರಕಲ್ ಊರಿನ ಎಲುಬು ಕಟ್ಟುವವನು, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಎಂಟು ದಿನ, ಎಲುಬು ಮುರಿದಿದ್ದರೆ ಕೂಡುತ್ತಿತ್ತೋ ಏನೋ, ಹರಿದದ್ದು ನರ, ಕಾಲು ನೀರಿನ ಕೊಡದ ಹಾಗೆ ಊದಿ ಕಡೆಗೆ ರಾಯಚೂರಿನ ಈ ದೊಡ್ಡ ದವಾಖಾನೆ, ಗಡಿಗೆಪ್ಪ ಸಾಹುಕಾರರು ಹೇಳಿಕಳಿಸಿದ್ದರು, ಜಾರಿ ಬಿದ್ದೆ ಅನ್ನು, ಒದ್ದ ಅಂದ್ರ ಪೊಲೀಸ್ ಬರ್ತಾರ, ಮಿಲ್ಲಿಗೆ ಕೆಟ್ಟ ಹೆಸರು, ಹಾಗೇ ಅಂದ, ಮುದಿ ಡಾಕ್ಟರು ಮೀನಖಂಡ ಹಿಚುಕಿ ನೋಡಿದರು, ಪಾದ ಅಲುಗಲಿಲ್ಲ, ಹಿಮ್ಮಡದ ದೊಡ್ಡ ನರ ಹರದದ, ಕೊಯ್ದು ಹೊಲೀಬೇಕು, ಇಲ್ಲಂದ್ರ ಬೆರಳು ಕೆಳಗ ಮಾಡಿ ಪಟ್ಟಿ ಹಾಕತೀವಿ, ತಾನಾಗಿ ಕೂಡಿದ್ರ ಕೂಡಿತು, ಕೊಯ್ದು ಅಂದದ್ದೇ ಸುಂಕಪ್ಪ ಕೈಮುಗಿದಿದ್ದ, ಕತ್ತಿ ಬ್ಯಾಡ್ರಿ ಯಪ್ಪಾ, ತಾನಾಗಿ ಕೂಡಲಿ — ಮುದಿ ಡಾಕ್ಟರು ವರ್ಗವಾಗಿ ಹೋದರು, ಈಗ ಪಟ್ಟಿ ಬಿಚ್ಚಿದ ಮೇಲೆ ನೋಡಲು ಬಂದವರು ಹೊಸಬರು, ಧಾರವಾಡದ ಕಡೆಯ ಹುಡುಗ ಡಾಕ್ಟರು, ಹಿಮ್ಮಡದ ಮೇಲೆ ಬೆರಳಾಡಿಸಿದರು, ಹಗ್ಗದ ಗಂಟಿನ ಹಾಗೆ ಏನೋ ಸಿಕ್ಕಿತು, ಕೂಡೇದ್ರಿ, ಅಂದರು, ನಡೀತೀರಿ, ಆದ್ರ ಚೀಲ ಹೊರೂದು ಮರತುಬಿಡ್ರಿ, ಅಂದ ಹಾಗ ಹೆಂಗಾತು ಇದು — ಹತ್ತು ವಾರ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಮೂಕಮ್ಮ ಹೊರಗೆ ಬೆಂಚಿನ ಮೇಲೆ, ಇಲ್ಲಿ ಸಾಹುಕಾರರಿಲ್ಲ, ಟೋಳಿಯಿಲ್ಲ, ನನ್ನ ಜೋಡಿಯಾಂವ ಹಿಂದಿನಿಂದ ಒದ್ದಾನ್ರಿ, ಅಂದುಬಿಟ್ಟ. ಡಾಕ್ಟರು ನಕ್ಕರು. ಕೆಟ್ಟ ನಗೆ ಏನಲ್ಲ, ಗುರುತಿನವರು ಸಿಕ್ಕ ಹಾಗೆ ನಕ್ಕರು. ನೀವೂ ಹಂಗ ಅಂದ್ರಿ, ಈ ನರ ಹರಿದಾಗ ಎಲ್ಲಾರಿಗೂ ಹಂಗ ಅನಸ್ತದ, ಯಾರೋ ಹಿಂದಿನಿಂದ ಒದ್ದರು ಅಂತ, ಹೋದ ತಿಂಗಳು ಒಬ್ಬರು ಸಾಲಿ ಮಾಸ್ತರು ಓಡೂ ಮುಂದ ಹರಕೊಂಡು, ಹೊಳ್ಳಿ ಹೆಡ್ ಮಾಸ್ತರನ್ನ ಬಡಿಯಾಕ ಹೋಗಿದ್ರಂತ, ಹೆಡ್ ಮಾಸ್ತರು ಇದ್ದದ್ದು ಹತ್ತು ಮಾರು ದೂರ — ಹೊಳ್ಳಿ ನೋಡಿದ್ರ ಹಿಂದ ಯಾರೂ ಇರೂದಿಲ್ಲರಿ. ನಿಮಗ ಯಾರರೆ ಕಂಡ್ರೇನು?

ಕೇಳಿ ಹೊರಟೇ ಹೋದರು, ಉತ್ತರಕ್ಕೆ ನಿಲ್ಲಲಿಲ್ಲ, ಮುಂದಿನ ಮಂಚದ ಕೈ ಮುರಿದವನ ಹತ್ತಿರ ಹೋದರು, ಅಷ್ಟು ಹಗುರವಾಗಿ ಆಡಿ ಹೋಗುವ ಮಾತೇ ಅದು, ಸುಂಕಪ್ಪನಿಗೆ ಮೊದಲು ಬಂದದ್ದು ಡಾಕ್ಟರ ಮೇಲೆ ಸಿಟ್ಟು, ಎಳೆ ಹುಡುಗ, ಚೀಲ ಹೊತ್ತವನೇ, ಹಲಗೆ ಹತ್ತಿದವನೇ, ಒದೆ ತಿಂದವನಿಗೆ ಒದೆ ಬಿದ್ದಿಲ್ಲ ಅನ್ನಲು ಇವನು ಯಾರು, ಹಾಗಾದರೆ ಒದ್ದವರು ಯಾರು, ಕಾಲೇ ಏನು, ಇದೇ ಕಾಲು, ಇದಕ್ಕೆ ಎಣ್ಣೆ ತಿಕ್ಕಿ ನೀರು ಹಾಕಿ ಮೂವತ್ತೆಂಟು ವರ್ಷ ಸಾಕಿದ್ದು ಇದಕ್ಕೇ ಏನು, ಒಂದು ದಿನ ಮೊದಲು ನೋವು ಅಂತಲೂ ಹೇಳದೆ ನಡುಹಲಗೆಯ ಮೇಲೆ ಕೈ ಬಿಟ್ಟಿತಲ್ಲ, ಇದನ್ನು ಯಾವ ಕಟ್ಟೆಗೆ ಕರೆಸುವುದು, ಯಾವ ಕೊಕ್ಕೆ ಮುಟ್ಟಿಸುವುದು, ಇದಕ್ಕೆ ಊರು ಬಿಡು ಅಂದರೆ ಎಲ್ಲಿಗೆ ಹೋದೀತು, ಹೋದರೂ ನನ್ನನ್ನು ಕರಕೊಂಡೇ ಹೋಗಬೇಕು — ಜಂಬಣ್ಣನ ಮೇಲೆ ಸಿಟ್ಟು ಇದ್ದಾಗ ಎಷ್ಟು ಹಿತವಾಗಿತ್ತು, ಮೋಸ ಹೋದೆ ಅಂದುಕೊಂಡು ಮಲಗಿದರೆ ನಿದ್ದೆ ಬರುತ್ತಿತ್ತು, ಈಗ ಅದನ್ನೂ ಕಸಕೊಂಡರು — ಇರಲಿ, ಅವನ ಮನಸ್ಸಿನಲ್ಲಿ ಇರಲೇಬೇಕಿತ್ತಲ್ಲ, ಮೇಸ್ತ್ರಿಯ ಆಸೆ ಯಾರಿಗಿರುವುದಿಲ್ಲ, ಇವನ ಕಾಲು ಜಾರಿದರೆ ನಾನೊಬ್ಬನೇ ಉಳಿಯುತ್ತೇನೆ ಅಂತ ಅವನು ಅಂದುಕೊಂಡಿರಲೇಬೇಕು, ಆ ಸಂಜೆ ಬೀಡಿ ಅರ್ಧ ಸೇದಿ ಕೊಡುವಾಗ — ಯಾರು ಅಂದುಕೊಂಡದ್ದು, ಯಾರು ಕೊಟ್ಟದ್ದು ಬೀಡಿ, ಸುಂಕಪ್ಪನೇ ಕೊಟ್ಟದ್ದು, ಆ ಯೋಚನೆ ಬಂದದ್ದು ಸುಂಕಪ್ಪನಿಗೆ, ಒಂದು ಗಳಿಗೆ ಬಂದು ಹೋಗಿತ್ತು, ಥೂ ಅಂತ ಉಗುಳಿದ್ದ, ಉಗುಳಿದ್ದು ಮಾತ್ರ ನೆನಪಿತ್ತು — ಮೇಸ್ತ್ರಿಗೆ ಕಾಲು ಗಟ್ಟಿ ಬೇಕಿಲ್ಲ, ಪಟ್ಟಿ ಬಿಚ್ಚಿಸಿಕೊಂಡು ಬಾ, ಪೆನ್ಸಿಲ್ ನಿಂದೇ ಅದ, ಅಂತ ಸಾಹುಕಾರರು ಹೇಳಿಕಳಿಸಿದ್ದಾರೆ, ಬಾಯಿ ಮುಚ್ಚಿಕೊಂಡು ಮಾನ್ವಿ ಬಸ್ಸು ಹತ್ತಿದರೆ ನಾಳೆಯಿಂದ ಮೇಸ್ತ್ರಿ, ಬಾಯಿ ಬಿಟ್ಟರೆ ಕೊಕ್ಕೆ ಮುಟ್ಟಿ ಸುಳ್ಳಾಡಿದವನು, ಚೀಲವೂ ಇಲ್ಲ, ಪೆನ್ಸಿಲ್ಲೂ ಇಲ್ಲ, ಮೂಕಮ್ಮ ಇವತ್ತು ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮೋರೆ ಮಾಡಿ ಅಂದಿದ್ದಳು, ಜಂಬಣ್ಣ ನಾಳಿ ಪುಣೆಕ್ಕ ಹೊಂಟಾನಂತ, ಮನಿಮಂದಿನೆಲ್ಲಾ ಕರಕೊಂಡು, ಮಣ್ಣಿನ ಕೆಲಸಕ್ಕ, ಹೋಗ್ಲಿ ಬಿಡು ಅಂತ ಇವನು ಮನಸ್ಸಿನಲ್ಲಿ ಅಂದಿದ್ದ, ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ಸಿನ ಪಕ್ಕದಲ್ಲೇ ನಿಲ್ಲುತ್ತದೆ ದೇವದುರ್ಗದ ಬಸ್ಸು, ಅಲ್ಲಿಂದ ಅರಕೇರಾ ಎಷ್ಟು ದೂರ — ಹೋಗಿ ಏನನ್ನುವುದು, ನೀ ಒದ್ದಿಲ್ಲಂತ ಡಾಕ್ಟರು ಹೇಳಿದರು ಅನ್ನುವುದೇ, ಹನ್ನೆರಡು ವರ್ಷ ಬೆನ್ನು ಕಾದವನಿಗೆ ಡಾಕ್ಟರ ಸಾಕ್ಷಿ ತಗೊಂಡು ಹೋಗುವುದೇ.

ಇಳೀರಿ, ಅಂದಳು ಕುಬ್ರಾ ಬೇಗಂ, ಬಲಗಾಲಿಗೆ ಹಿಮ್ಮಡ ಎತ್ತರ ಮಾಡಿಸಿದ ಚಪ್ಪಲಿ ತೊಡಿಸಿದಳು, ಮಂಚ ಎತ್ತರ ಅಂತ ಇಳಿಯಲಿಕ್ಕೆ ಒಂದು ಹಲಗೆ ಇಟ್ಟಿದ್ದಾರೆ, ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ನೆಲಕ್ಕೆ, ಸುಂಕಪ್ಪ ಮಂಚದ ಅಂಚಿಗೆ ಸರಿದು ಕಾಲು ಇಳಿಬಿಟ್ಟ, ಹಲಗೆ ಲಟಕ್ಕೆಂದಿತು, ಅಂಜಿ ಎತ್ತಿಕೊಂಡ, ಸಿಸ್ಟರು ಬಗ್ಗಿ ನೋಡಿ ಕೆಳಗಿನ ತುದಿಯನ್ನು ತನ್ನ ಕರಿ ಚಪ್ಪಲಿಯ ಕಾಲಿಂದ ತುಳಿದು ನಿಂತಳು, ಹಿಡದೀನಿ, ಇಳೀರಿ, ಅಂದಳು — ಹಿಡದೀನಿ — ಹೊರಗೆ ಮೂಕಮ್ಮ ಬಾಗಿಲಿಗೆ ಬಂದಿದ್ದಾಳೆ, ಡಾಕ್ಟರು ಏನಂದ್ರು ಅಂತ ಕೇಳುತ್ತಿದ್ದಾಳೆ, ಸುಂಕಪ್ಪ ನೋಡುತ್ತಿರುವುದು ಹಲಗೆಯ ತುದಿಯನ್ನು, ಮತ್ತೆ ಮಿಲ್ಲಿನ ಹಲಗೆಯ ಮೇಲೆ ಮೋರೆ ಅಡಿಯಾಗಿ ಬಿದ್ದಿದ್ದಾನೆ, ಕತ್ತು ಹೊರಳಿಸುತ್ತಾನೆ, ಚೀಲದ ಕೆಳಗಿನಿಂದ ಜಂಬಣ್ಣನ ಮೋರೆ, ಇಷ್ಟಗಲ ಕಣ್ಣು, ಆ ಬಾಯಿ ಏನೋ ಅನ್ನುತ್ತಿದೆ, ಅಲುಗಬ್ಯಾಡಲೇ, ಅನ್ನುತ್ತಿದೆ, ಅಲುಗಬ್ಯಾಡ, ಹಲಿಗಿ ಮಗಚತದ, ಇಬ್ಬರ ನಡುವೆ ಎಂಟು ಮೊಳ ಹಲಗೆ, ಬರೀ ಹಲಗೆ, ಯಾರೂ ಇಲ್ಲದ ಹಲಗೆ, ಅದನ್ನು ಅವತ್ತೇ ನೋಡಿದ್ದ, ಕಣ್ಣಾರೆ ನೋಡಿದ್ದ, ಅದರ ಕೊನೆಗೆ ಒಂದು ಕಾಲು, ಬೆನ್ನ ಮೇಲೆ ಕ್ವಿಂಟಲ್ ಚೀಲ ಹೊತ್ತವನ ಕಾಲು, ಒಡೆದ ಹಿಮ್ಮಡ, ಹೆಬ್ಬೆರಳಿನ ಉಗುರು ಕರ್ರಗೆ, ಐದು ಬೆರಳೂ ಅಗಲಿಸಿ ಹಲಗೆಯ ತುದಿಯನ್ನು ಒತ್ತಿ ಹಿಡಿದಿದೆ, ನಡುಗುತ್ತಿದೆ, ಯಾಕ ಒದ್ದಿಲೇ ಅಂತ ಇವನು ಕೂಗಿದ, ಆಗಲೂ ಜಂಬಣ್ಣ ಆ ಕಾಲು ಎತ್ತಲಿಲ್ಲ — ಡಾಕ್ಟರು ಏನಂದ್ರು, ಮೂಕಮ್ಮ ಮತ್ತೆ ಕೇಳಿದಳು — ಐದು ಬೆರಳು, ಕರ್ರನೆಯ ಉಗುರು, ಹಲಗೆಯ ತುದಿ, ಆ ಕಾಲು ಎತ್ತಲಿಲ್ಲ.