ಡಾಕ್ಟರಮ್ಮನ ಉದ್ದ ಕಾರು

ನಾನು ೧೯೬೮ರಲ್ಲಿ ಹುಟ್ಟಿದ ಸ್ಟೇಷನ್ ವ್ಯಾಗನ್. ಜೊತೆಗೆ ತಯಾರಾದ ಕಾರುಗಳಿಗೆಲ್ಲ ಹಿಂದೆ ಡಿಕ್ಕಿ ಇತ್ತು. ನನಗೆ ಮಾತ್ರ ಮೇಲ್ಛಾವಣಿಯನ್ನು ಕೊನೆಯವರೆಗೂ ಎಳೆದು, ಹಿಂದೊಂದು ಅಗಲ ಬಾಗಿಲು ಇಟ್ಟು, ಕೆನೆಬಣ್ಣ ಬಳಿದರು.

ಧಾರವಾಡದ ಫೋಟೋಗ್ರಾಫರ್ ಕೃಷ್ಣಾಜಿ ನಾಡಿಗೇರ ನನ್ನನ್ನು ಕೊಂಡರು. ಅವರ ಕ್ಯಾಮೆರಾ, ದೀಪ, ಪರದೆಗಳನ್ನು ಹೊತ್ತು ಇಪ್ಪತ್ತೆಂಟು ವರ್ಷ ಮದುವೆಗಳಿಗೆ ಹೋದೆ. ಅವರ ಕಣ್ಣು ಮಂಜಾದ ಮೇಲೆ ತಾಡಪಾಲಿನ ಕೆಳಗೆ ನಿಂತುಬಿಟ್ಟೆ. ಹನ್ನೊಂದು ವರ್ಷ! ಹೆಗ್ಗಣವೊಂದು ಸೀಟಿನಲ್ಲಿ ಸಂಸಾರ ಹೂಡಿತು.

ಒಂದು ದಿನ ಅವರ ನಾಯಿಯನ್ನು ನೋಡಲು ಪಶುವೈದ್ಯೆ ಇಂದುಮತಿ ಬೆಳವಡಿ ಬಂದರು. ತಾಡಪಾಲು ಸರಿಸಿ, ನನ್ನ ಹಿಂಬಾಗಿಲು ತೆರೆದು ನೋಡಿದರು.

"ಅಜ್ಜಾರ, ಇದನ್ನ ನನಗ ಕೊಡ್ರಿ."

"ಮನಿ ಮುಂದ ಚಂದಕ್ಕ ನಿಲ್ಲಸಾಕೇನವಾ?"

"ಅಲ್ರಿ, ದಿನಾ ಓಡಸಾಕ."

ರಿಪೇರಿಗೆ ಮೂರು ತಿಂಗಳು ಹಿಡಿಯಿತು. ಆಮೇಲೆ ನನಗೆ ಪುರುಸೊತ್ತೇ ಇಲ್ಲ. ಆಡು, ನಾಯಿ, ಒಮ್ಮೆ ಗಾಯಗೊಂಡ ನವಿಲು, ಎಲ್ಲರೂ ನನ್ನ ಬೆನ್ನಿನಲ್ಲೇ ಆಸ್ಪತ್ರೆಗೆ ಬಂದರು. ಆದರೆ ವರ್ಷಗಳು ಕಳೆದಂತೆ ನನ್ನ ಸ್ಟಾರ್ಟರ್ ಮೋಟಾರು ಸೋತಿತು. ಅಂಥದ್ದು ಎಲ್ಲೂ ಸಿಗಲಿಲ್ಲ. ದಿನಾ ಬೆಳಿಗ್ಗೆ ನೆರೆಹೊರೆಯವರು ತಳ್ಳಬೇಕು. ಕೊನೆಗೆ ಡಾಕ್ಟರಮ್ಮ ಮನಸ್ಸು ಕಲ್ಲು ಮಾಡಿಕೊಂಡು, ಹಳೆಯ ಕಾರುಗಳನ್ನು ಸಂಗ್ರಹಿಸುವ ಬೆಳಗಾವಿಯ ಪಾಟಣಕರ ಅವರಿಗೆ ನನ್ನನ್ನು ಕೊಡಲು ಒಪ್ಪಿದರು.

ನನ್ನನ್ನು ಓಡಿಸಿಕೊಂಡೇ ಹೋಗಬೇಕೆಂದು ಪಾಟಣಕರ ರೈಲಿನಲ್ಲಿ ಬಂದರು, ರೇಷ್ಮೆ ಜುಬ್ಬಾ ತೊಟ್ಟು. ಅಷ್ಟರಲ್ಲಿ ಫೋನು. ಅಮ್ಮಿನಭಾವಿ ಹಳ್ಳಿಯ ಯಮನವ್ವನ ಎಮ್ಮೆಕರು ಪ್ಲಾಸ್ಟಿಕ್ ಹಗ್ಗ ನುಂಗಿತ್ತು. ತಕ್ಷಣ ಆಪರೇಷನ್ ಆಗಬೇಕು.

"ತಳ್ರಿ!" ಎಂದರು ಡಾಕ್ಟರಮ್ಮ.

"ಯಾರು, ನಾನಾ?"

"ಮತ್ಯಾರದಾರ ಇಲ್ಲೆ?"

ಪಾಟಣಕರ ತಳ್ಳಿದರು, ನನ್ನ ಎಂಜಿನ್ ಚಾಲೂ ಆಯಿತು, ಅವರು ಓಡಿಬಂದು ಹತ್ತಿದರು. ಕರುವನ್ನು ಹೊತ್ತು ಆಸ್ಪತ್ರೆಗೆ ವಾಪಸು ಬರುವಾಗ ಹಿಂದೆ ಅದರ ಪಕ್ಕದಲ್ಲೇ ಕೂತರು. ಅದರ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದು, "ಉಸುರು ತಗೋಪ್ಪಾ, ಬಂದೇವಿ ನೋಡು" ಅನ್ನುತ್ತಲೇ ಇದ್ದರು. ಜುಬ್ಬಾ ಪೂರ್ತಿ ಸಗಣಿ. ಏರಿನಲ್ಲಿ ನನ್ನ ಎದೆ ಕುದಿಯಿತು, ಆದರೂ ನಿಲ್ಲಲಿಲ್ಲ.

ಆಪರೇಷನ್ ಮುಗಿದು, ಸಂಜೆ ಕರು ಎದ್ದು ನಿಂತಿತು. ಯಮನವ್ವ ನನ್ನ ಬಾನೆಟ್ಟಿಗೆ ಕೈಮುಗಿದಳು. ಪಾಟಣಕರ ಬಹಳ ಹೊತ್ತು ನನ್ನನ್ನೇ ನೋಡಿದರು.

"ಡಾಕ್ಟರ್, ನಾ ಇದನ್ನ ಗಾಜಿನ ಕೋಣ್ಯಾಗ ನಿಲ್ಲಸಾಂವ ಇದ್ದೆ. ಬ್ಯಾಡ್ರಿ. ಇದು ಇಲ್ಲೇ ಇರಲಿ."

ಮರುವಾರ ಬೆಳಗಾವಿಯಿಂದ ಪಾರ್ಸೆಲ್ ಬಂತು. ತಮ್ಮ ಸಂಗ್ರಹದಲ್ಲಿದ್ದ ನನ್ನದೇ ಜಾತಿಯ ಕಾರೊಂದರಿಂದ ಪಾಟಣಕರ ಸ್ಟಾರ್ಟರನ್ನು ಬಿಚ್ಚಿ ಕಳಿಸಿದ್ದರು.

ಈಗ ನನಗೆ ಐವತ್ತು ದಾಟಿದೆ. ತುಕ್ಕು ಹಿಡಿದಿದೆ, ಬಣ್ಣ ನಾಲ್ಕು ತರ ಆಗಿದೆ. ಹೊಸ ಕಾರುಗಳು ಸರ್ರನೆ ಮುಂದೆ ಹೋಗುತ್ತವೆ, ಹೋಗಲಿ. ಬೆಳಿಗ್ಗೆ ಕೀಲಿ ತಿರುಗಿದೊಡನೆ ಮೈಯೆಲ್ಲ ಗಡಗಡ ನಡುಗುತ್ತದೆ. ಜನ ಅದನ್ನು ಮುಪ್ಪು ಎನ್ನುತ್ತಾರೆ. ನನಗೆ ಗೊತ್ತು, ಅದು ಹೊರಡುವ ಅವಸರ.