ಒಂದು ಕಾರು, ಎರಡು ಲೈಸೆನ್ಸು

ಅಂಗಿ ಬದಲಿಸುವಾಗಲೂ ಗಂಡ ಕಾರಿನ ಕೀಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿಕೊಂಡನೇ ಹೊರತು ಮೇಜಿನ ಮೇಲಿಡಲಿಲ್ಲ. ಹೆಂಡತಿ ನೋಡಿಯೂ ನೋಡದವಳಂತೆ ಚೀಲಕ್ಕೆ ಬ್ಯಾಂಡೇಜು ತುಂಬಿಸುತ್ತಿದ್ದಳು.

ಅವಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ನರ್ಸು. ಹೊಳೆಯಾಚೆಯ ಬಡಾವಣೆಯ ರೋಗಿಗಳ ಜವಾಬ್ದಾರಿ ಈಗ ಅವಳಿಗೇ ಬರುವುದಿತ್ತು. ಅವಳು ಬಹಳ ದಿನದಿಂದ ಬಯಸಿದ್ದ ಕೆಲಸ. ಆದರೆ ಅಲ್ಲಿಗೆ ಬಸ್ಸಿಲ್ಲ. ಕಾರು ಸಿಗುತ್ತದೋ ಇಲ್ಲವೋ ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು ಮೇಲಿನವರು.

ಗಂಡನ ಬಳಿ ನೆಪಗಳಿಗೇನು ಬರ. ಕ್ಲಚ್ಚು ಬಿಗಿಯಾಗಿದೆ, ಬ್ರೇಕು ನೋಡಿಸಬೇಕು, ಸೇತುವೆ ಇಕ್ಕಟ್ಟು. ಕಾರು ದಿನವಿಡೀ ನಿಮ್ಮ ಗ್ಯಾರೇಜಿನ ಮುಂದೆ ಬಿಸಿಲು ಕಾಯಿಸುತ್ತದೆ, ನಾನು ಬಸ್‌ಸ್ಟಾಪಿನಲ್ಲಿ ಬಿಸಿಲು ಕಾಯಿಸುತ್ತೇನೆ ಎಂದು ಅವಳು ಹೇಳಿದರೆ ಆತನ ಕಿವಿಗೇ ಬೀಳುತ್ತಿರಲಿಲ್ಲ. ಅಂದಹಾಗೆ, ಲೈಸೆನ್ಸನ್ನು ಒಂದೇ ಸಲಕ್ಕೆ ಪಡೆದವಳು ಅವಳು. ಆತನಿಗೆ ಸಿಕ್ಕಿದ್ದು ಎರಡನೆಯ ಸಲಕ್ಕೆ. ಆ ಮಾತನ್ನು ಮನೆಯಲ್ಲಿ ಎತ್ತುವಂತಿಲ್ಲ.

ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು. ಇವಳು ಮಧ್ಯಾಹ್ನ ಸೀದಾ ಗ್ಯಾರೇಜಿಗೇ ಬಂದಳು. ಭೇಷ್ ಎನ್ನಬೇಕು. ಅಪಘಾತವಾದ ಕಾರುಗಳ ತಗ್ಗು ಎತ್ತಿ ಸರಿಮಾಡುವುದು ಆತನ ಕಸುಬು. ಸುತ್ತ ಮೂತಿ ಒಡೆದ, ಬಾಗಿಲು ನುಜ್ಜಾದ ಕಾರುಗಳು. ಅವುಗಳ ನಡುವೆ ಕೂತು ಸುತ್ತಿಗೆ ಬಡಿಯುತ್ತಿದ್ದವನ ಮುಂದೆ ನಿಂತು ಅವಳು ಕೈ ಚಾಚಿದಳು.

ಆತ ತಲೆ ಎತ್ತಲಿಲ್ಲ. "ದಿನಾ ಇವನ್ನೇ ನೋಡ್ತೀನಿ. ಸೀಟಿನ ಮೇಲಿನ ಗಾಜು ಗುಡಿಸೋವಾಗ ಅಲ್ಲಿ ನೀನೇ ಕೂತಿದ್ದೆ ಅನ್ಸುತ್ತೆ. ಹೆದರಿಕೆ ಆಗುತ್ತೆ ಕಣೆ."

ಇಷ್ಟು ದಿನ ಅದನ್ನು ಅವಳು ಗಂಡಸಿನ ಜಂಬ ಎಂದುಕೊಂಡಿದ್ದಳು. ಆದರೂ ಚಾಚಿದ ಕೈಯನ್ನು ಹಿಂದಕ್ಕೆಳೆಯಲಿಲ್ಲ. ಇವನ್ನೆಲ್ಲ ಓಡಿಸುತ್ತಿದ್ದವರು ಯಾರು ಎಂದು ಕೇಳಿದಳು. ಆತ ಒಂದೊಂದನ್ನೇ ನೋಡುತ್ತಾ ಹೋದ. ಒಂದು ಡಾಕ್ಟರದು, ಒಂದು ಮೇಷ್ಟ್ರದು, ಒಂದು ಮದುವಣಿಗನದು. ಎಲ್ಲ ಗಂಡಸರೇ. ಪಕ್ಕದಲ್ಲಿ ಬಣ್ಣ ಹೊಡೆಯುತ್ತಿದ್ದವನು ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ.

"ನೀವು ಹೊರಟಾಗೆಲ್ಲ ನನಗೂ ಹೆದರಿಕೆ ಆಗುತ್ತೆ ರೀ. ಹಾಗಂತ ಯಾವತ್ತಾದ್ರೂ ನಿಮ್ಮ ಕೀ ಬಚ್ಚಿಟ್ಟಿದ್ದೀನಾ?"

ಆತ ಸುತ್ತಿಗೆ ಕೆಳಗಿಟ್ಟ. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.

"ಸಾಯಂಕಾಲ ನಾನು ಬಸ್ಸಲ್ಲಿ ಬರ್ತೀನಿ," ಎಂದ.

ಅವಳು ಅಲ್ಲೇ ನಿಂತು ಫೋನ್ ಮಾಡಿ ಕೆಲಸ ಒಪ್ಪಿಕೊಂಡಳು. ಒಡೆದ ಕಾರುಗಳ ಸಾಲಿನ ಮಧ್ಯೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಎಡಕ್ಕೆ, ಬಲಕ್ಕೆ ಎಂದು ತೋರಿಸಲು ಆತನ ಕೈ ತಾನೇ ಮೇಲೆದ್ದಿತು. ಅವಳ ಕಣ್ಣು ಕನ್ನಡಿಯಲ್ಲಿತ್ತು. ಆತ ಕೈ ಇಳಿಸಿದ.

ರಸ್ತೆ ಎರಡೂ ಕಡೆ ಖಾಲಿಯಿತ್ತು. ಆದರೂ ಅವಳು ಇಂಡಿಕೇಟರ್ ಹಾಕಿ, ನಿಂತು, ಅತ್ತಿತ್ತ ನೋಡಿ, ಹೊಳೆಯ ಕಡೆಗೆ ತಿರುಗಿಸಿದಳು.