ಕೂಸಿಲ್ಲದ ಹಾಲು

೨೦೨೫ರ ಏಪ್ರಿಲ್ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೌನಿಕಾ ಹಿಂದೂಪುರದ ಹುಣಸೆ ಮಂಡಿಯ ಹಿಂಬದಿಯ ಬಚ್ಚಲಿನಲ್ಲಿ ರವಿಕೆ ಬಿಚ್ಚಿ ನಿಂತಿದ್ದಳು. ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಾಗ ಎದೆಯ ಬಲಗಡೆ ತಣ್ಣಗೆ ಏನೋ ಅಂಟಿದಂತಾಗಿತ್ತು. ಬೆವರು ಅಂದುಕೊಂಡಿದ್ದಳು. ಈಗ ನೋಡಿದರೆ ಬಟ್ಟೆಯ ಮೇಲೆ ರೂಪಾಯಿ ಅಗಲದ ಒದ್ದೆ. ಬೆರಳಿನಿಂದ ಮೆಲ್ಲಗೆ ಒತ್ತಿದಳು. ತೊಟ್ಟಿನ ತುದಿಯಲ್ಲಿ ಬೆಳ್ಳಗಿನ ಹನಿಯೊಂದು ಮೂಡಿ, ಒಂದು ಕ್ಷಣ ನಿಂತು, ಕೆಳಗಿಳಿಯಿತು.

ಏಳು ವರ್ಷದ ಹಿಂದೆ ಕೀರ್ತನಾಳನ್ನು ಹೆತ್ತಾಗ ಕಂಡಿದ್ದ ಹಾಲು ಅದು. ಗುರುತು ತಪ್ಪುವ ಹಾಗಿರಲಿಲ್ಲ. ಆದರೆ ಗಂಡ ಈಶ್ವರ್ ಲಾರಿ ಮಗುಚಿ ಸತ್ತು ಮೂರು ವರ್ಷ ಎರಡು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಯಾವ ಗಂಡಸೂ ಅವಳ ಬಾಡಿಗೆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಮುಟ್ಟು ನಿಂತು ಮೂರು ತಿಂಗಳಾಗಿದ್ದನ್ನು ಅವಳು ಬಿಸಿಲಿಗೆ, ಆಯಾಸಕ್ಕೆ ಹೊರಿಸಿ ಸುಮ್ಮನಿದ್ದಳು. ಈಗ ನಿಂತ ಮುಟ್ಟೂ ಬಂದ ಹಾಲೂ ಸೇರಿ ಒಂದೇ ಮಾತು ಹೇಳುತ್ತಿದ್ದವು. ಅದು ಸುಳ್ಳೆಂದು ಬಲ್ಲವಳು ಅವಳೊಬ್ಬಳೇ.

ಅವಳಿಗೆ ಮೊದಲು ನೆನಪಾದದ್ದು ಮಗಳು. ಕೀರ್ತನಾ ಕಂಬದೂರಿನಾಚೆಯ ಹಳ್ಳಿಯಲ್ಲಿ, ಕುರಿ ಕಾಯುವ ಅಜ್ಜಿ, ಈಶ್ವರ್‌ನ ತಾಯಿ ಬೀರಕ್ಕನ ಹತ್ತಿರ ಬೆಳೆಯುತ್ತಿದ್ದಳು. ಈಶ್ವರ್ ತೀರಿಕೊಂಡ ವರ್ಷ ಹಿರಿಯರ ಮುಂದೆ ಮಾತಾಗಿತ್ತು: ಎರಡನೇ ಕ್ಲಾಸು ಮುಗಿಯುವ ತನಕ ಹುಡುಗಿ ಅಜ್ಜಿಯ ಹತ್ತಿರ, ಆಮೇಲೆ ತಾಯಿಯ ಹತ್ತಿರ, ತಾಯಿ ಮರ್ಯಾದೆಯಿಂದ ಇದ್ದರೆ. ಆ ಕೊನೆಯ ಮಾತು ಸೇರಿಸಿದವಳು ಬೀರಕ್ಕ. ಎರಡನೇ ಕ್ಲಾಸು ಇದೇ ತಿಂಗಳು ಮುಗಿಯುತ್ತಿತ್ತು.

ಮುಖ ತೊಳೆದು ಬಂದಾಗ ಹೆಂಗಸರ ಮೇಸ್ತ್ರಿ ಗಂಗುಲಮ್ಮ, ಬಚ್ಚಲಲ್ಲೇ ಮನೆ ಮಾಡಿಕೊಂಡೆಯಾ, ನಾಳೆಯಿಂದ ಬಾಡಿಗೆ ಹಾಕುತ್ತೇನೆ ಎಂದು ಕಿಚಾಯಿಸಿದಳು. ಎಲ್ಲರೂ ನಕ್ಕರು. ಮೌನಿಕಾಳೂ ನಕ್ಕು, ಸೆರಗನ್ನು ಬಿಗಿಯಾಗಿ ಹೊದ್ದು ಕೂತಳು. ಗಂಗುಲಮ್ಮ ಬಿಸ್ಕತ್ತಿನ ಡಬ್ಬಿ ತೆಗೆದು ಗ್ಯಾಸ್ ಮಾತ್ರೆ ಹಂಚಿದಳು. ಹೊತ್ತುಗೊತ್ತಿಲ್ಲದ ಊಟ, ಖಾರದ ಚಟ್ನಿ, ಕೆಲಸದ ಮಧ್ಯೆ ಬಾಯಿಗೆ ಹಾಕಿಕೊಳ್ಳುವ ಹುಳಿ, ಇವೆಲ್ಲ ಸೇರಿ ಅಲ್ಲಿ ಕೂತ ಹದಿನಾರು ಹೆಂಗಸರ ಹೊಟ್ಟೆಯೂ ಉರಿಯುತ್ತಿತ್ತು. ಟೀ ಬರುವ ಮುಂಚೆ ಎಲೆ ಅಡಿಕೆ ಹಂಚಿದ ಹಾಗೆ ಆ ಮಾತ್ರೆ ಹಂಚುವುದು ಮಂಡಿಯ ವಾಡಿಕೆ. ಮೌನಿಕಾಳ ಉರಿ ಹೆಚ್ಚಿನದು. ದೀಪಾವಳಿಯಿಂದೀಚೆಗೆ ಅವಳು ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುತ್ತಿದ್ದಳು.

ಸಂಜೆ ಅವಳು ಪರಿಚಯದವರಿಲ್ಲದ ಬೀದಿಯ ಒಂದು ಕ್ಲಿನಿಕ್ಕಿಗೆ ಹೋದಳು. ಡಾಕ್ಟರಮ್ಮ ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಗರ್ಭ ಇರಲಿಲ್ಲ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮೌನಿಕಾ ಇಲ್ಲ ಎಂದಳು. ರಕ್ತ ತೆಗೆದರು. ಎರಡು ದಿನದ ಮೇಲೆ ಬಂದ ಕಾಗದದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮಿಲಿಲೀಟರಿಗೆ ೧೪೨ ನ್ಯಾನೋಗ್ರಾಂ ಎಂದಿತ್ತು. ಮಗುವಿಗೆ ಹಾಲೂಡದ ಹೆಂಗಸಿನಲ್ಲಿ ಅದು ಇಪ್ಪತ್ತೈದರ ಕೆಳಗಿರಬೇಕು. ಡಾಕ್ಟರಮ್ಮ ಕಾಗದದ ಹಿಂದೆ ಒಂದು ತಲೆಯ ಚಿತ್ರ ಬರೆದು, ಮೂಗಿನ ಬುಡದಿಂದ ನೇರ ಒಳಕ್ಕೆ, ಮೆದುಳಿನ ಅಡಿಯಲ್ಲಿ, ಒಂದು ಚುಕ್ಕೆ ಇಟ್ಟರು. ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದು. ಹಾಲಿನ ಹಾರ್ಮೋನು ಬರುವುದು ಅಲ್ಲಿಂದ. ಅಲ್ಲಿ ಗಡ್ಡೆಯೇನಾದರೂ ಇದೆಯೇ ಎಂದು ನೋಡಲು ತಲೆಯ ಸ್ಕ್ಯಾನ್ ಬೇಕು ಎಂದರು. ಗಡ್ಡೆ ದೊಡ್ಡದಾದರೆ ಕಣ್ಣಿನ ನರವನ್ನು ಒತ್ತುತ್ತದೆ, ನೋಡುವಾಗ ಪಕ್ಕದಲ್ಲಿರುವುದು ಕಾಣದಂತಾಗುತ್ತದೆಯೇ ಎಂದೂ ಕೇಳಿದರು. ಮೌನಿಕಾ ಅಲ್ಲಿಯವರೆಗೆ ಅದನ್ನು ಗಮನಿಸಿರಲಿಲ್ಲ.

ಆಮೇಲೆ ಗಮನಿಸದೆ ಇರಲಾಗಲಿಲ್ಲ. ಮಂಗಳವಾರ ಮಗಳ ವಿಷಯ ಮಾತಾಡಲು ಎರಡು ಬಸ್ಸು ಬದಲಿಸಿ ಬೀರಕ್ಕನ ಹಳ್ಳಿಗೆ ಹೋಗುವಾಗ ದಾರಿಯುದ್ದಕ್ಕೂ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮುಚ್ಚಿ, ಕಿಟಕಿಯ ಅಂಚು ಕಾಣುತ್ತದೆಯೇ ಎಂದು ಪರೀಕ್ಷಿಸಿಕೊಂಡಳು. ಒಮ್ಮೆ ಕಂಡಿತು. ಒಮ್ಮೆ ಕಾಣಲಿಲ್ಲ ಅನ್ನಿಸಿತು. ಗರ್ಭವಲ್ಲ ಎಂಬ ಕಾಗದ ಬ್ಯಾಗಿನಲ್ಲಿತ್ತು, ಆದರೆ ಅದನ್ನು ಯಾರಿಗಾದರೂ ತೋರಿಸಬೇಕಾಗಿ ಬಂದರೆ ಅಲ್ಲಿಗೆ ಅರ್ಧ ಮಾನ ಹೋದಂತೆಯೇ. ರವಿಕೆಯೊಳಗೆ ನಾಲ್ಕು ಮಡಿಕೆ ಮಾಡಿದ ಬಟ್ಟೆ ಇಟ್ಟುಕೊಂಡಿದ್ದಳು.

ಕೀರ್ತನಾ ಅವಳನ್ನು ಕಂಡವಳೇ ಓಡಿ ಬಂದು ತಲೆಯನ್ನು ಎದೆಗೆ ಒತ್ತಿ ತಬ್ಬಿಕೊಂಡಳು. ಬಿಡಿಸಿಕೊಳ್ಳಲು ಮೌನಿಕಾಳಿಗೆ ಮನಸ್ಸಾಗಲಿಲ್ಲ.

"ಅಮ್ಮ, ನಿನ್ ರವಿಕೆ ನೆಂದೈತೆ" ಅಂದಳು ಹುಡುಗಿ.

ಹಗ್ಗ ಹೊಸೆಯುತ್ತಿದ್ದ ಬೀರಕ್ಕ ತಲೆ ಎತ್ತಿದಳು. ಎದ್ದು, ಸೊಸೆಯನ್ನು ಒಳಗಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿದಳು. ಗಬ್ಬದ ಕುರಿಯನ್ನು ಮುಟ್ಟಿ ನೋಡುವ ರೀತಿಯಲ್ಲೇ ಅವಳ ಒರಟು ಅಂಗೈ ಮೌನಿಕಾಳ ಕಿಬ್ಬೊಟ್ಟೆಯ ಮೇಲೆ ಒತ್ತಿ ನಿಂತಿತು.

"ಎಷ್ಟು ತಿಂಗ್ಳು?"

"ಏನೂ ಇಲ್ಲ ಅತ್ತೆ. ಟೆಸ್ಟ್ ಮಾಡ್ಸಿವ್ನಿ, ಕಾಗ್ದ ಐತೆ."

"ಕಾಗ್ದ ಯಾವನಾದ್ರೂ ಬರ್ಕೊಡ್ತಾನೆ. ನಲವತ್ತು ವರ್ಷ ಕುರಿ ಕಾದಿವ್ನಿ ಕಣಮ್ಮ. ಮರಿ ಇಲ್ದೆ ಕೆಚ್ಚಲು ತೊಟ್ಟಿಕ್ಕಿದ್ದು ಒಂದ್ ದಿನ ಕಂಡಿಲ್ಲ."

ರಾತ್ರಿ ಹುಡುಗಿಯನ್ನು ಬೀರಕ್ಕ ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು. ಬೆಳಿಗ್ಗೆ ಎದ್ದವಳು ನೀರಿನ ಕೊಡದ ಹತ್ತಿರ ಮೌನಿಕಾ ಏನೋ ನುಂಗುವುದನ್ನು ನೋಡಿದಳು. ಕೈಚಾಚಿ ಮಾತ್ರೆಯ ಪಟ್ಟಿಯನ್ನು ಕಿತ್ತುಕೊಂಡಳು. ಗ್ಯಾಸಿಂದು ಎಂದು ಮೌನಿಕಾ ಹೇಳುತ್ತಿದ್ದಂತೆಯೇ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ನಡಿ. ಕಲ್ಯಾಣದುರ್ಗದಾಗೆ ನಂಗೊತ್ತಿರೋ ಡಾಕ್ಟ್ರಮ್ಮ ಅವ್ಳೆ. ಅವಳ ಬಾಯಿಂದ ಕೇಳಾನ."

ಆಟೋದಲ್ಲಿ ಬೀರಕ್ಕನ ಮುಷ್ಟಿ ಆ ಗಂಟನ್ನು ಬಿಡಲಿಲ್ಲ. ಮೌನಿಕಾ ಗಂಟನ್ನೇ ನೋಡುತ್ತಿದ್ದಳು. ಅತ್ತೆ ಆ ಮಾತ್ರೆಯನ್ನು ಏನೆಂದು ತಿಳಿದು ಕಟ್ಟಿಕೊಂಡು ಬರುತ್ತಿದ್ದಾಳೆಂದು ಅರ್ಧ ದಾರಿಯಲ್ಲಿ ಅವಳಿಗೆ ಹೊಳೆಯಿತು.

ಅರವತ್ತು ದಾಟಿದ ಡಾಕ್ಟರಮ್ಮ ಹಿಂದೂಪುರದ ಕಾಗದಗಳನ್ನು ಓದಿ, ಅದೇ ಪ್ರಶ್ನೆ ಕೇಳಿದರು: ಔಷಧಿ ಏನಾದರೂ? ಮೌನಿಕಾ ಇಲ್ಲ ಎನ್ನುವಷ್ಟರಲ್ಲಿ ಬೀರಕ್ಕ ಗಂಟು ಬಿಚ್ಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಸುಳ್ಳು ಮೇಡಮ್ಮ. ಬಸ್ರು ಇಳಿಸ್ಕಳಕ್ಕೆ ಇದ್ನ ನುಂಗ್ತಾವ್ಳೆ. ನೀವೇ ನೋಡಿ."

ಡಾಕ್ಟರಮ್ಮ ಪಟ್ಟಿಯನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರು. ಎರಡನೇ ಸಲ ಓದಿದರು.

"ನಿಜಂ ಚೆಪ್ಪಮ್ಮಾ, ನಿಜ ಹೇಳು. ಎಷ್ಟು ದಿನದಿಂದ ಇದು?"

"ದೀಪಾವಳಿಯಿಂದ. ದಿನಾ ಎರಡು."

"ಹಿಂದೂಪುರದ ಡಾಕ್ಟರಿಗೆ ಹೇಳಿದ್ಯಾ?"

"ಅವ್ರು ಔಷಧಿ ಕೇಳಿದ್ರು ಮೇಡಂ. ಇದ್ನ ಕೇಳ್ಲಿಲ್ಲ."

ಡಾಕ್ಟರಮ್ಮ ಅವಳನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆಯ ಸ್ಕ್ಯಾನ್ ಮಾಡಿದರು, ಬೀರಕ್ಕನನ್ನೂ ಪರದೆಯ ಮುಂದೆ ನಿಲ್ಲಿಸಿಕೊಂಡರು. ಸೀಬೆಕಾಯಿಯಷ್ಟು ಗರ್ಭಕೋಶ, ಅದರ ಎರಡು ಪಕ್ಕದಲ್ಲಿ ಬಾದಾಮಿಯಂಥ ಅಂಡಾಶಯಗಳು. ಗರ್ಭಕೋಶ ಖಾಲಿ. ಒಳಪದರ ಬರೀ ನಾಲ್ಕು ಮಿಲಿಮೀಟರು, ಇತ್ತೀಚೆಗೆ ಬಸಿರು ಕಟ್ಟಿದ, ಇಳಿದ ಗುರುತೂ ಇಲ್ಲ ಎಂದರು.

ಮಾತ್ರೆಯಲ್ಲಿ ಇದ್ದದ್ದು ಎರಡು ಮದ್ದು. ಒಂದು ಹೊಟ್ಟೆಯ ಆಮ್ಲ ತಗ್ಗಿಸುವುದು. ಇನ್ನೊಂದು ಲೆವೊಸಲ್ಪಿರೈಡ್, ಜಠರ ಬೇಗ ಖಾಲಿಯಾಗುವಂತೆ ಮಾಡುವುದು. ಮೆದುಳಿನಿಂದ ಬರುವ ಡೋಪಮೈನ್ ಎಂಬ ರಾಸಾಯನಿಕ ಸದಾ ಪಿಟ್ಯುಟರಿಯನ್ನು ಅದುಮಿಟ್ಟು, ಹಾಲಿನ ಹಾರ್ಮೋನು ಹರಿಯದಂತೆ ತಡೆಯುತ್ತಿರುತ್ತದೆ. ಈ ಮದ್ದು ಆ ತಡೆಯನ್ನು ತೆಗೆದುಬಿಡುತ್ತದೆ. ಹಾರ್ಮೋನು ಏರಿದರೆ ಎದೆಯಲ್ಲಿ ಹಾಲು; ಅಂಡಾಶಯವನ್ನು ಎಬ್ಬಿಸುವ ಬೇರೆ ಎರಡು ಹಾರ್ಮೋನುಗಳು ಅದರಿಂದ ಕುಗ್ಗುತ್ತವೆ, ಅಂಡ ಬಲಿಯುವುದಿಲ್ಲ, ಮುಟ್ಟೂ ಬರುವುದಿಲ್ಲ. ಹೆತ್ತ ತಾಯಿಗೆ ಹಾಲೂಡುವ ತಿಂಗಳುಗಳಲ್ಲಿ ಆಗುವುದೂ ಇದೇ.

ಮೌನಿಕಾ ಉಸಿರು ಬಿಡುವ ಮುಂಚೆಯೇ ಅವರು ಮುಂದುವರಿಸಿದರು. ಮಾತ್ರೆಯದೇ ಕೆಲಸ ಎಂದು ಅನ್ನಿಸುತ್ತದೆ, ಆದರೆ ಗಡ್ಡೆ ಇಲ್ಲವೆಂದು ಇವತ್ತು ಹೇಳಲಾರೆ. ಇಂದಿನಿಂದ ಅದನ್ನು ಮುಟ್ಟಬೇಡ, ಎದೆ ಒತ್ತಿ ನೋಡಬೇಡ. ನಾಲ್ಕು ವಾರ ಬಿಟ್ಟು ರಕ್ತ ಕೊಡು. ಇಪ್ಪತ್ತೈದರ ಕೆಳಗೆ ಬಾರದಿದ್ದರೆ ತಲೆಯ ಸ್ಕ್ಯಾನ್ ಬಿಡುವಂತಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಬೀರಕ್ಕ ಸೆರಗಿನ ಖಾಲಿ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

"ಹೊಟ್ಟೆ ಖಾಲಿ ಐತೆ ಅಂತ ಕಣ್ಣಾರೆ ಕಂಡೆ ಕಣಮ್ಮ. ತಲೇಲಿ ಏನೈತೋ ಕಾಣ್ಲಿಲ್ಲ. ಅಪ್ಪ ಹೋದ. ನೀನೂ ಬಿದ್ಬುಟ್ರೆ ಆ ಊರಾಗೆ ಮಗೀಗೆ ಯಾರವ್ರೆ? ನಂಬ್ರು ಬರ್ಲಿ. ಇಪ್ಪತ್ತೈದ್ರ ಕೆಳಗಿದ್ರೆ ಮಗೀನ ನಾನೇ ಕರ್ಕಂಬತ್ತೀನಿ."

ಮಂಡಿಯಲ್ಲಿ ಮರುದಿನ ಡಬ್ಬಿ ಸುತ್ತು ಬಂದಾಗ ಮೌನಿಕಾ ಕೈ ಚಾಚಲಿಲ್ಲ. ನನ್ನ ಮಾತ್ರೆ ಕಹಿಯಾಯಿತೇ ಎಂದು ಗಂಗುಲಮ್ಮ ಕೆಣಕಿದಳು. ಮೌನಿಕಾ ಆದದ್ದನ್ನೆಲ್ಲ ಹೇಳಿದಳು. ಗಂಗುಲಮ್ಮ ನಗಲಿಲ್ಲ, ಡಬ್ಬಿಯ ಮುಚ್ಚಳ ಹಾಕಿದಳು. ಮೂಲೆಯಲ್ಲಿ ಕೂತ ಮೂವರು ಹೆಂಗಸರು ಸೆರಗನ್ನು ಎದೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರು, ಅವರಲ್ಲೊಬ್ಬಳು ಮದುವೆಯಾಗದವಳು.

ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯಿತು. ಅವಳು ಮಜ್ಜಿಗೆ ಕುಡಿದು, ಹೊತ್ತಿಗೆ ಸರಿಯಾಗಿ ಮುದ್ದೆ ಉಂಡು ತಡೆದುಕೊಂಡಳು. ಒಂಬತ್ತನೇ ದಿನ ಎದೆಯ ಬಟ್ಟೆ ಒಣಗಿತ್ತು. ಹತ್ತನೇ ದಿನ ಮತ್ತೆ ಒಂದು ಹನಿ. ಇಪ್ಪತ್ತಮೂರನೇ ದಿನವಾದರೂ ಮುಟ್ಟಿನ ಸುಳಿವಿಲ್ಲ. ದಿನವೂ ಕೋಣೆಯ ಗೋಡೆಗೆ ಎದುರಾಗಿ ನಿಂತು ಒಂದೊಂದೇ ಕಣ್ಣು ಮುಚ್ಚಿ, ಬಲಕ್ಕೆ ತೂಗುಹಾಕಿದ ಕ್ಯಾಲೆಂಡರು, ಎಡಕ್ಕೆ ಮಗಳಿಗೆಂದು ಕೊಂಡ ಹೊಸ ಸ್ಕೂಲ್ ಬ್ಯಾಗು ಕಾಣುತ್ತವೆಯೇ ಎಂದು ನೋಡುತ್ತಿದ್ದಳು. ಮೂಗಿನ ಬುಡದ ಹಿಂದೆ ಏನೋ ಬೆಳೆಯುತ್ತಿದೆ ಎಂದು ನೆನೆದರೆ ಸಾಕು, ಅಲ್ಲಿ ಭಾರ ಕೂತಂತೆ ಆಗುತ್ತಿತ್ತು.

ಮೇ ಹದಿನಾಲ್ಕು, ಬುಧವಾರ ಬೆಳಿಗ್ಗೆ ರಕ್ತ ಕೊಟ್ಟಳು. ಸಂಜೆ ಐದು ಗಂಟೆಗೆ ಲ್ಯಾಬಿನ ಕಿಟಕಿಯಲ್ಲಿ ಮಡಿಸಿದ ಕಾಗದ ಕೊಟ್ಟರು. ಬಿಚ್ಚದೆಯೇ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಕಲ್ಲುಬೆಂಚಿನ ಮೇಲೆ ಕೂತು ಬೀರಕ್ಕನಿಗೆ ಫೋನ್ ಹಚ್ಚಿದಳು. ಹಿಂದಿನಿಂದ ಕುರಿಗಳ ಸದ್ದು, ಅದರ ಮಧ್ಯೆ, ಯಾರು ಅಜ್ಜಿ ಎಂಬ ಕೀರ್ತನಾಳ ದನಿ ಕೇಳಿಸಿತು. ಮೌನಿಕಾ ಅಲ್ಲಿ ಮಳೆ ಬಂತೇ ಎಂದು ಕೇಳಿದಳು.

"ಬ್ಯಾರೆ ಏನೂ ಬ್ಯಾಡ ಕಣಮ್ಮ" ಎಂದಳು ಬೀರಕ್ಕ. "ನಂಬ್ರು ಹೇಳು."

ಮೌನಿಕಾ ಕಾಗದ ಬಿಚ್ಚಿದಳು. ಪ್ರೊಲ್ಯಾಕ್ಟಿನ್, ಮಿಲಿಲೀಟರಿಗೆ ೧೬.೪ ನ್ಯಾನೋಗ್ರಾಂ.